ಬೆಣ್ಣೆ ವಾಸನೆಯ ಬಾಟಲಿ

ನಾಲ್ಕು ಬಾಟಲಿಗಳನ್ನು ಹಳೆಯ ಟವೆಲ್ಲುಗಳಲ್ಲಿ ಒಂದೊಂದಾಗಿ ಸುತ್ತಿ, ಪಕ್ಕದ ಸೀಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಬೆಲ್ಟು ಬಿಗಿದೆ. ಸನ್ನಿವೇಲ್‌ನಿಂದ ಹೇವರ್ಡ್‌ವರೆಗೆ ಆ ಬೆಳಿಗ್ಗೆ ನಾನು ಕಾರು ಓಡಿಸಿದ ರೀತಿ ನೋಡಿದವರು ಒಳಗೆ ಹಸುಗೂಸು ಮಲಗಿದೆ ಅಂದುಕೊಂಡಿರಬೇಕು. ಫ್ರೀವೇಯಲ್ಲಿ ಹಿಂದಿನ ಟ್ರಕ್ಕಿನವನು ಎರಡು ಸಲ ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ. ಬಾಟಲಿ ಕುಲುಕಿದರೆ ತಳದಲ್ಲಿ ಕೂತ ಈಸ್ಟ್ ಎದ್ದು ಬಿಯರ್ ಕದಡಿಹೋಗುತ್ತದೆ. ಕದಡಿದ ಬಿಯರ್ ಹಿಡಿದುಕೊಂಡು ಇಂಟರ್‌ವ್ಯೂಗೆ ಹೋಗಲು ನಾನು ಸಿದ್ಧಳಾಗಿರಲಿಲ್ಲ.

ನನ್ನ ಡಿಗ್ರಿ ಎಂಟು ವರ್ಷದಿಂದ ಸೂಟ್‌ಕೇಸಿನಲ್ಲಿತ್ತು. ಮಂಡ್ಯದಲ್ಲಿ ಬಿ.ಎಸ್ಸಿ., ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಅಪ್ಪನ ಕಡೆ, ಅವ್ವನ ಕಡೆ ಎರಡೂ ಸೇರಿಸಿದರೂ ನಮ್ಮಲ್ಲಿ ಪಿಯುಸಿ ದಾಟಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೈಹಿಡಿದು ಕೊಡಿಸಿದ ಡಿಗ್ರಿಯಲ್ಲ ಅದು. ಆದರೆ ಗಂಡನ ವೀಸಾದ ಜೊತೆ ಅಮೆರಿಕಕ್ಕೆ ಬಂದವಳಿಗೆ ಮೊದಲ ಆರು ವರ್ಷ ಇಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ. ಅನುಮತಿ ಬಂದ ಮೇಲೆ ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: ಈಚಿನ ಅನುಭವ ಏನಿದೆ? ಎಲ್ಲ ಕಡೆಯೂ ನಯವಾಗಿಯೇ ಬೇಡ ಅಂದರು. ನಯವಾಗಿ ಬೇಡ ಅನ್ನಿಸಿಕೊಂಡು ಅನ್ನಿಸಿಕೊಂಡು, ಇದೊಂದು ಆಗದಿದ್ದರೆ ಇನ್ನು ಅರ್ಜಿ ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದೆ.

ಇದೊಂದು ಅಂದರೆ, ಹೇವರ್ಡ್‌ನ ಗೋದಾಮುಗಳ ಸಾಲಿನಲ್ಲಿರುವ ಒಂದು ಸಣ್ಣ ಬಿಯರ್ ಕಾರ್ಖಾನೆ. ಲ್ಯಾಬಿನ ಕೆಲಸಕ್ಕೆ ಜನ ಬೇಕು ಎಂದು ಜಾಹೀರಾತು ಹಾಕಿದ್ದರು. ಕೊನೆಯಲ್ಲಿ ಒಂದು ಸಾಲು: ಮನೆಯಲ್ಲಿ ಬಿಯರ್ ತಯಾರಿಸಿದ ಅನುಭವವೂ ಅನುಭವವೇ. ಅರ್ಜಿ ಹಾಕಿದೆ. ನೀವು ಮಾಡಿದ್ದನ್ನೇ ತನ್ನಿ, ಬೇರೆ ಬೇರೆ ಬಗೆಯದು ಇರಲಿ, ಗುರುವಾರ ಹತ್ತು ಗಂಟೆಗೆ ಬನ್ನಿ ಎಂದು ಉತ್ತರ ಬಂತು.

ನಾನು ಬಿಯರ್ ಮಾಡಲು ಶುರುಮಾಡಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನಮ್ಮಪ್ಪ ಕುಡಿಯುತ್ತಿರಲಿಲ್ಲ, ಹಾಗಾಗಿ ಕಣ್ಣೀರಿನ ಕಥೆಯೂ ಇಲ್ಲ. ಗಂಡನ ಆಫೀಸಿನಲ್ಲಿ ಯಾರೋ ಮನೆಯಲ್ಲೇ ಬಿಯರ್ ಮಾಡುವ ಸಾಮಾನಿನ ಡಬ್ಬ ಉಡುಗೊರೆ ಕೊಟ್ಟರು. ಗಂಡ ಅದನ್ನು ಬಟ್ಟೆಯ ಬೀರುವಿನೊಳಗೆ ತಳ್ಳಿದರು. ಒಂದು ದಿನ ನಾನು ತೆಗೆದು ನೋಡಿದರೆ ಒಳಗೆ ಥರ್ಮಾಮೀಟರು, ಸಾಂದ್ರತೆ ಅಳೆಯುವ ಗಾಜಿನ ಕಡ್ಡಿ, ಈಸ್ಟಿನ ಪೊಟ್ಟಣ. ಕಾಲೇಜು ಬಿಟ್ಟ ಮೇಲೆ ಅವನ್ನು ಮುಟ್ಟಿರಲಿಲ್ಲ. ಕೈ ತಡೆಯಲಿಲ್ಲ.

ಕೆಲಸವೂ ಪೂರ್ತಿ ಹೊಸದೇನಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಒಡೆದು ಬಿಸಿನೀರಿನಲ್ಲಿ ಗಂಟೆ ಹೊತ್ತು ನೆನೆಸಿದರೆ ಸಿಹಿ ಬಿಡುತ್ತದೆ. ಆ ಸಿಹಿನೀರಿಗೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಈಸ್ಟ್ ಬಿಟ್ಟು ಮುಚ್ಚಿಡಬೇಕು. ಮಗುವಿನ ಸರಿಹಿಟ್ಟಿಗೆ ರಾಗಿ ಮೊಳಕೆ ಕಟ್ಟುವ ಮನೆಯಲ್ಲಿ ಬೆಳೆದವಳಿಗೆ ಇದರಲ್ಲಿ ಅರ್ಧ ಗೊತ್ತಿದ್ದದ್ದೇ. ಮೂರು ವರ್ಷ ಮಾಡಿದೆ. ಬಾಳೆಹಣ್ಣು, ಲವಂಗದ ಪರಿಮಳ ಬರುವ ಗೋಧಿ ಬಿಯರ್. ಬಾರ್ಲಿಯನ್ನು ಕಪ್ಪಗೆ ಹುರಿದು ಮಾಡುವ ಸ್ಟೌಟ್. ಕಿತ್ತಳೆ ಸಿಪ್ಪೆ ಹಿಂಡಿದಂತೆ ಘಮಘಮಿಸುವ ಪೇಲ್ ಏಲ್. ಎಲ್ಲಕ್ಕಿಂತ ಕಷ್ಟದ್ದು ಲಾಗರ್ ಎಂಬ ತಿಳಿ ಬಿಯರ್. ಅದಕ್ಕೆ ತಣ್ಣಗಿನ ಜಾಗ ಬೇಕು, ವಾರಗಟ್ಟಲೆ ತಾಳ್ಮೆ ಬೇಕು, ತಪ್ಪು ಮುಚ್ಚಿಡಲು ಅದರಲ್ಲಿ ಹುಳಿ, ಖಾರ, ಸುಟ್ಟ ವಾಸನೆ ಯಾವುದೂ ಇಲ್ಲ. ಬಾಲ್ಕನಿಯಲ್ಲಿ ಹಳೆಯ ಫ್ರಿಜ್ಜೊಂದನ್ನು ಇಟ್ಟುಕೊಂಡು ಅದರೊಳಗೆ ಮಾಡುತ್ತಿದ್ದೆ.

ಒಂದು ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ನಾನು ಮಾಡಿದ ಬಿಯರನ್ನು ನಾನು ಒಂದು ದಿನವೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ಅವ್ವ ತಾಲ್ಲೂಕಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳು. ನೂರಿಪ್ಪತ್ತು ಹುಡುಗಿಯರಿಗೆ ದಿನಾ ಎರಡು ಹೊತ್ತು ಬೇಯಿಸಿದವಳು ಒಂದು ಸಲವೂ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದ್ದನ್ನು ನಾನು ನೋಡಿಲ್ಲ. ಮಾಡುವವರು ರುಚಿ ನೋಡಿದರೆ ಅದು ಎಂಜಲು. ಕುದಿಯುವ ಸಾರಿನ ಆವಿಗೆ ಮುಖ ಕೊಟ್ಟು, ಒಂದು ಸಲ ಉಸಿರೆಳೆದು, "ಇನ್ನೊಂದ್ ಹಿಡಿ ಉಪ್ಪು" ಅನ್ನುತ್ತಿದ್ದಳು. ತಪ್ಪುತ್ತಿರಲಿಲ್ಲ. ನಾನೂ ಅದೇ ಕೈ, ಅದೇ ಮೂಗು. ಸಾಂದ್ರತೆ ನೋಡಲು ತೆಗೆದ ಬಿಯರನ್ನು ಮೂಸಿ, ಪುಸ್ತಕದಲ್ಲಿ ಬರೆದುಕೊಂಡು, ಸಿಂಕಿಗೆ ಸುರಿಯುತ್ತಿದ್ದೆ. ಕುಡಿಯಬಾರದು ಎಂಬ ವ್ರತವಲ್ಲ. ಇನ್ನೊಬ್ಬರಿಗೆ ಕೊಡುವುದನ್ನು ಮೊದಲು ನಾನು ಬಾಯಿಗೆ ಹಾಕಿಕೊಳ್ಳಲು ಕೈ ಏಳುತ್ತಿರಲಿಲ್ಲ, ಅಷ್ಟೆ.

ನಾಲಿಗೆಯ ಕೆಲಸ ಗಂಡನದು.

"ಸೂಪರ್ ಕಣೇ. ಅಂಗಡೀದಕ್ಕಿಂತ ಚೆನ್ನಾಗಿದೆ."

"ಏನು ಚೆನ್ನಾಗಿದೆ? ಅದನ್ನ ಹೇಳ್ರೀ."

"ಎಲ್ಲಾನೂ."

"ಹೋದ ತಿಂಗಳು ಹುಳಿ ಬಂದಿತ್ತಲ್ಲ, ಆಗಲೂ ಸೂಪರ್ ಅಂದ್ರಿ."

"ಅದೂ ಸೂಪರ್ರೇ. ಹುಳಿ ಸೂಪರ್."

ಇಂಥ ನಾಲಿಗೆಯನ್ನು ನಂಬಿಕೊಂಡು ನಾನು ನಾಲ್ಕು ಬಾಟಲಿ ಹೊತ್ತು ಹೊರಟಿದ್ದೆ.

ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನಾಲ್ಕನೆಯ ಬಾಟಲಿಯ ಮೇಲೆ, ಲಾಗರ್ ಮೇಲೆ, ನನಗೆ ಧೈರ್ಯವಿತ್ತು. ಎರಡು ವಾರ ಆದಾಗ ಫ್ರಿಜ್ಜಿನ ಬಾಗಿಲು ತೆಗೆದು ಒಂದು ಲೋಟ ಹಿಡಿದೆ. ಮೂಗಿಗೆ ಬಂದದ್ದು ಆಗತಾನೇ ಕಡೆದ ಬೆಣ್ಣೆ. ನಮ್ಮ ಎಮ್ಮೆಯ ಮೊಸರನ್ನು ಅವ್ವ ಕಡೆದು, ಬೆಣ್ಣೆ ಉಂಡೆಯನ್ನು ನೀರಿಗೆ ಬಿಟ್ಟಾಗ ಏಳುತ್ತಿತ್ತಲ್ಲ, ಅದೇ. ಬಾಲ್ಕನಿಯಲ್ಲಿ ನಿಂತು ಎರಡು ಸಲ, ಮೂರು ಸಲ ಮೂಸಿದೆ. ಆಯಿತು, ಇದು ಹದಕ್ಕೆ ಬಂತು ಎಂದು ಆ ದಿನವೇ ಇನ್ನಷ್ಟು ತಣ್ಣಗೆ ಮಾಡಿ ಈಸ್ಟನ್ನು ಮಲಗಿಸಿಬಿಟ್ಟೆ.

ಪುಸ್ತಕದಲ್ಲಿ ಎಚ್ಚರಿಕೆ ಇತ್ತು. ಲಾಗರ್‌ನಲ್ಲಿ ಡೈಅಸಿಟೈಲ್ ಎಂಬುದು ಉಳಿದರೆ ದೋಷ, ಸಿನಿಮಾ ಥಿಯೇಟರಿನ ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ ಬರುತ್ತದೆ ಎಂದು. ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಥಿಯೇಟರಿನ ಆ ಹಳದಿ ಎಣ್ಣೆಯ ವಾಸನೆ ನನಗೆ ಗೊತ್ತು, ಮೂಗು ಮುಚ್ಚಿಕೊಳ್ಳುತ್ತೇನೆ. ಅದಕ್ಕಾಗಿ ಹುಡುಕಿದೆ. ಅದು ಇರಲಿಲ್ಲ. ಇದ್ದದ್ದು ಅವ್ವನ ಬೆಣ್ಣೆ. ಎರಡೂ ಒಂದೇ ಎಂದು ನನ್ನ ಎಂ.ಎಸ್ಸಿ. ತಲೆಗೆ ಹೊಳೆಯಲಿಲ್ಲ.

ಕಾರ್ಖಾನೆಯಲ್ಲಿ ಇಬ್ಬರು ಕಾದಿದ್ದರು. ಒಬ್ಬರು ಹೆಡ್ ಬ್ರೂವರ್, ಅಂದರೆ ಅಲ್ಲಿಯ ಬಿಯರಿಗೆಲ್ಲ ಯಜಮಾನರು, ನರೆತ ಗಡ್ಡದ ಎತ್ತರದ ಮನುಷ್ಯ, ಮೊಣಕಾಲಿನವರೆಗೆ ರಬ್ಬರ್ ಬೂಟು. ಇನ್ನೊಬ್ಬರು ಲ್ಯಾಬ್ ನೋಡಿಕೊಳ್ಳುತ್ತಿದ್ದ ಹೆಂಗಸು, ಅವರ ಜಾಗಕ್ಕೇ ನಾನು ಬಂದದ್ದು. ಕೈಕುಲುಕುತ್ತಲೇ ಹೇಳಿದರು: "ಕೋವಿಡ್ ಆದಮೇಲೆ ನನ್ನ ಮೂಗು ಮೊದಲಿನ ಹಾಗಿಲ್ಲ. ಈ ಕೆಲಸಕ್ಕೆ ಮೂಗೇ ಇಲ್ಲದಿದ್ದರೆ ಹೇಗೆ? ಆಫೀಸಿನ ಕಡೆಗೆ ಹೋಗುತ್ತಿದ್ದೇನೆ." ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ನನ್ನ ತಲೆಯಲ್ಲಿ ಉಳಿದದ್ದು ಕನ್ನಡದಲ್ಲಿ.

ಸ್ಟೀಲ್ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟೆ. ಗೋಧಿ ಬಿಯರ್ ಮೂಸಿ ಹೆಡ್ ಬ್ರೂವರ್ ತಲೆಯಾಡಿಸಿದರು. ಪೇಲ್ ಏಲ್‌ಗೆ ಹಾಕಿದ ಹಾಪ್ಸು ಕೊಂಚ ಹಳತಾಗಿತ್ತೇನೋ ಅಂದರು, ನಿಜವೇ. ಸ್ಟೌಟ್ ಲೋಟ ಖಾಲಿಮಾಡಿದರು. ನನಗೆ ಉಸಿರು ಬಂತು. ಉಸಿರು ಬಂದ ಖುಷಿಗೆ, ಲಾಗರ್ ಸುರಿಯುತ್ತಾ ನಾನೇ ಬಾಯಿಬಿಟ್ಟೆ.

"ಇದು ನನ್ನ ಕೈಯಲ್ಲಿ ಬಂದದ್ದರಲ್ಲೇ ಒಳ್ಳೆಯದು. ಮೂಸಿ ನೋಡಿ, ತಾಜಾ ಬೆಣ್ಣೆ ಬರುತ್ತೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಹೆಂಗಸು ಕಣ್ಣು ತಗ್ಗಿಸಿದರು. ಹೆಡ್ ಬ್ರೂವರ್ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಬಹಳ ಮೆಲ್ಲಗೆ ಕೇಳಿದರು: "ಕುಡಿದಾಗ ನಿಮಗೇನು ಅನ್ನಿಸಿತು?"

"ನಾನು ಕುಡಿದಿಲ್ಲ."

"ಇದನ್ನು?"

"ಯಾವುದನ್ನೂ."

ಅಲ್ಲಿಗೆ ನನಗೆ ಎಲ್ಲ ಹೊಳೆಯಿತು. ಅಡಿಗೆರೆ ಎಳೆದ ಸಾಲು ಕಣ್ಣ ಮುಂದೆ ಬಂತು. ಕಿವಿ ಕಾದವು. ಬಾಗಿಲು ಎಲ್ಲಿದೆ ಎಂದು ಕಣ್ಣು ತಾನಾಗಿ ಹುಡುಕಿತು. ಆದರೆ ಟವೆಲ್ಲುಗಳು ಮೇಜಿನ ಮೇಲಿದ್ದವು. ಅವನ್ನು ಮಡಚಿ ಚೀಲಕ್ಕೆ ತುಂಬುವಷ್ಟು ಹೊತ್ತು ಅವರ ಮುಂದೆ ನಿಲ್ಲಬೇಕಿತ್ತು. ಬೇರೇನೂ ತೋಚದೆ ಇದ್ದದ್ದನ್ನೇ ಹೇಳಿದೆ. ನಮ್ಮಲ್ಲಿ ಮಾಡುವವರು ರುಚಿ ನೋಡುವುದಿಲ್ಲ, ಬೆಣ್ಣೆಯ ವಾಸನೆ ನಮಗೆ ಕೆಟ್ಟದ್ದಲ್ಲ, ದೋಷ ಅಂತ ಓದಿದ್ದೆ, ಮೂಗು ಒಪ್ಪಲಿಲ್ಲ.

ಹೆಡ್ ಬ್ರೂವರ್ ಗಡಿಯಾರ ನೋಡಿಕೊಂಡರು. ಆ ಹೆಂಗಸು ಮಾತ್ರ ಎದ್ದು, "ಬಂದಿದ್ದೀರಿ, ಒಂದು ಪರೀಕ್ಷೆ ಮಾಡಿಬಿಡೋಣ" ಅಂದರು.

ಮೂರು ಮೂರು ಲೋಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೆಣ್ಣೆಯ ಆ ರಾಸಾಯನಿಕದ ಒಂದಿಷ್ಟು. ಬೇರೆಯದು ಯಾವುದು ಹೇಳಬೇಕು. ಸುತ್ತು ಕಳೆದಂತೆ ಅದರ ಪ್ರಮಾಣ ಇಳಿಯುತ್ತಾ ಹೋಗುತ್ತದೆ. ಮೊದಲ ಸುತ್ತು ಮೂಸಿದ ಕೂಡಲೇ ಹೇಳಿದೆ. ಎರಡನೆಯದೂ. ಮೂರನೆಯದಕ್ಕೆ ಎರಡು ಸಲ ಮೂಸಬೇಕಾಯಿತು. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿಕೊಂಡೆ. ಎದೆ ಹೊಡೆದುಕೊಳ್ಳುವ ಸದ್ದಿನಲ್ಲಿ ವಾಸನೆಯೂ ಅಲುಗಾಡಿದಂತಿತ್ತು. ನಡುವಿನ ಲೋಟ, ಅಂದೆ. ಆ ಹೆಂಗಸು ಲೋಟದ ಕೆಳಗಿನ ಚೀಟಿ ತಿರುಗಿಸಿ ನೋಡಿ, ಹೊರಗೆ ಹೋಗಿ, ಒಂದು ಜಗ್ಗಿನಲ್ಲಿ ಹೊಂಬಣ್ಣದ ಬಿಯರ್ ಹಿಡಿದು ತಂದು ಒಂದೇ ಲೋಟಕ್ಕೆ ಸುರಿದರು.

"ಇದರಲ್ಲಿ?"

ಹೋಲಿಸಲು ಪಕ್ಕದಲ್ಲಿ ಇನ್ನೊಂದು ಲೋಟವಿರಲಿಲ್ಲ. ಮೂಸಿದೆ. ಇತ್ತು. ತೀರಾ ಸಣ್ಣದು, ಬೆಣ್ಣೆ ತೆಗೆದಿಟ್ಟು ತೊಳೆದ ಪಾತ್ರೆಯಲ್ಲಿ ಮಾರನೆಯ ದಿನ ಉಳಿಯುವಷ್ಟು. ಅಥವಾ ಅಷ್ಟು ಹೊತ್ತಿನಿಂದ ಬೆಣ್ಣೆಯನ್ನೇ ಮೂಸಿದ ಮೂಗಿಗೆ ಎಲ್ಲೆಲ್ಲೂ ಅದೇ ಬರುತ್ತಿದೆಯೋ? ಇಲ್ಲ ಅನ್ನುವುದೇ ಸರಿ ಉತ್ತರವಿರಬಹುದು. ಮೋಸದ ಪ್ರಶ್ನೆಯೂ ಇರಬಹುದು. ಮತ್ತೆ ಮೂಸಿದೆ.

"ಇದೆ."

ಹೆಡ್ ಬ್ರೂವರ್ ಮುಖ ಬದಲಾಯಿತು. "ಅದು ಆರನೆಯ ಟ್ಯಾಂಕು. ಒಂದು ಗಂಟೆಗೆ ಕ್ಯಾನಿಗೆ ತುಂಬುತ್ತೇವೆ. ಜನ ಬಂದು ನಿಂತಿದ್ದಾರೆ." ಲೋಟ ಕಿತ್ತುಕೊಂಡಂತೆ ತೆಗೆದು ಮೂಸಿ, ಕುಡಿದರು. "ನನಗೇನೂ ಬರುತ್ತಿಲ್ಲ."

"ನಿಮಗೆ ಬೆಣ್ಣೆ ಯಾವತ್ತೂ ಸರಿಯಾಗಿ ಗೊತ್ತಾಗಿಲ್ಲ," ಎಂದು ಆ ಹೆಂಗಸು ಮೆತ್ತಗೆ ಹೇಳಿದರು. "ನನಗೆ ಗೊತ್ತಾಗುತ್ತಿತ್ತು. ಈಗ ನನಗೂ ಇಲ್ಲ. ಅದಕ್ಕೇ ತಂದೆ."

ಅನುಮಾನ ತೀರಿಸಲು ಒಂದು ದಾರಿಯಿದೆ. ಅದೇ ಬಿಯರನ್ನು ಎರಡು ಲೋಟ ಮಾಡಿ, ಒಂದನ್ನು ಮುಚ್ಚಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡುತ್ತಾರೆ. ಒಳಗೆ ಬೆಣ್ಣೆಯಾಗಲು ಕಾದಿರುವುದು ಏನಾದರೂ ಇದ್ದರೆ ಬಿಸಿಗೆ ಅದು ಹೊರಬೀಳುತ್ತದೆ. ಆರಿಸಿ ಮೂಸಿದರೆ ಯಾರಿಗೂ ತಪ್ಪುವುದಿಲ್ಲ.

ಇಪ್ಪತ್ತು ನಿಮಿಷ. ಹೆಡ್ ಬ್ರೂವರ್ ಕೂರಲಿಲ್ಲ. ಗಾಜಿನ ಆಚೆ ಕ್ಯಾನು ತುಂಬುವ ಯಂತ್ರದ ಹತ್ತಿರ ನಾಲ್ಕೈದು ಜನ ಕೈಕಟ್ಟಿ ನಿಂತು ನಮ್ಮ ಕಡೆಯೇ ನೋಡುತ್ತಿದ್ದರು. ನಾನು ಗೋಡೆಗೆ ಒರಗದೆ ನಿಂತಿದ್ದೇನೆ ಎಂದು ಆಗ ಗೊತ್ತಾಯಿತು.

ಹಾಗೆ ನಿಲ್ಲುತ್ತಿದ್ದವಳು ಅವ್ವ. ಊಟದ ಗಂಟೆ ಹೊಡೆಯುವ ಮೊದಲು ವಾರ್ಡನ್ ಮೇಡಂ ಅಡುಗೆಮನೆಗೆ ಬರುತ್ತಿದ್ದರು. ಅವ್ವ ತಟ್ಟೆಯಲ್ಲಿ ಎರಡು ತುತ್ತು ಅನ್ನ, ಒಂದು ಸೌಟು ಸಾರು ಬಡಿಸಿ ಕೊಟ್ಟು, ಸೆರಗಿಗೆ ಕೈ ಒರೆಸುತ್ತಾ ನಿಲ್ಲುತ್ತಿದ್ದಳು. ಮೇಡಂ ತಿಂದು, ಉದ್ದನೆಯ ಪುಸ್ತಕದಲ್ಲಿ ರುಚಿ ನೋಡಲಾಗಿದೆ ಎಂದು ಬರೆದು ಸಹಿ ಹಾಕಿದ ಮೇಲೆಯೇ ಗಂಟೆ. ಒಂದು ದಿನ ಮೇಡಂ ಮುಖ ಕಿವಿಚಿಕೊಂಡು, "ಏನಮ್ಮ, ಉಪ್ಪಿನ ಮೂಟೆ ಬಿದ್ದೋಯ್ತಾ?" ಅಂದರು. ಅವ್ವ ಸಾರಿಗೆ ಒಂದು ಕೊಡ ನೀರು ಸುರಿದಳು. ಆ ದಿನ ಹುಡುಗಿಯರೆಲ್ಲ ನೀರು ಸಾರು ಎಂದು ಬೈದುಕೊಂಡು ಉಂಡರು. ಸ್ಕೂಲಿಂದ ಬಂದು ಅಲ್ಲೇ ಕೂತಿದ್ದ ನಾನು ಕೇಳಿದೆ:

"ಉಪ್ಪು ಸರಿಯಾಗಿತ್ತಲ್ಲವ್ವ. ಯಾಕೆ ಹೇಳ್ನಿಲ್ಲ?"

"ಸಹಿ ಹಾಕೋರು ಅವ್ರು ಕಣ್ ಮಗ."

ಲೋಟ ಆರಿತು. ಆ ಹೆಂಗಸು ಮುಚ್ಚಳ ಸರಿಸಿದರು. ನಾನು ಹತ್ತಿರ ಹೋಗಬೇಕಾಗಲೇ ಇಲ್ಲ, ನಿಂತಲ್ಲಿಗೇ ಬಂತು. ಹೆಡ್ ಬ್ರೂವರ್ ಮೂಸಿ, ಹುಬ್ಬು ಗಂಟಿಕ್ಕಿ, ಗಾಜು ತಟ್ಟಿ ಯಂತ್ರದ ಹತ್ತಿರ ಇದ್ದವರಲ್ಲಿ ಒಬ್ಬರನ್ನು ಕರೆದು ಲೋಟ ಕೊಟ್ಟರು. ಅವರು ಮೂಸಿ ನಕ್ಕುಬಿಟ್ಟರು. "ಯಾವ ಸಿನಿಮಾ?"

ಹೆಡ್ ಬ್ರೂವರ್ ನಗಲಿಲ್ಲ. ಹೊರಗೆ ಹೋಗಿ ಜನರನ್ನು ಮನೆಗೆ ಕಳಿಸಿ ಬಂದರು. "ಇಡೀ ಮಧ್ಯಾಹ್ನ ಹಾಳಾಯಿತು" ಎಂದು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ. ಟ್ಯಾಂಕನ್ನು ಸ್ವಲ್ಪ ಬೆಚ್ಚಗೆ ಬಿಟ್ಟರೆ ಈಸ್ಟೇ ಆ ಬೆಣ್ಣೆಯನ್ನು ತಿಂದು ಮುಗಿಸುತ್ತದೆ, ಎರಡು ದಿನ ಸಾಕು. "ಶನಿವಾರ ಬನ್ನಿ. ಮುಗಿದಿದೆಯೋ ಇಲ್ಲವೋ ಯಾರಾದರೂ ಹೇಳಬೇಕು. ನೋಡೋಣ." ಕೆಲಸ ಕೊಡುತ್ತೇನೆ ಅನ್ನಲಿಲ್ಲ. ಕೊಡುವುದಿಲ್ಲ ಅಂತಲೂ ಅನ್ನಲಿಲ್ಲ. ಬಾಗಿಲವರೆಗೆ ಬಂದವರು ತಿರುಗಿ, "ಈ ಸಲ ಬಾಯಿಗೂ ಹಾಕಿಕೊಳ್ಳಬೇಕು. ಕೆಲವು ಮೂಗಿಗೆ ಸಿಗುವುದಿಲ್ಲ" ಅಂದರು.

ಶುಕ್ರವಾರ ಸಂಜೆ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಶನಿವಾರದ ಬೆಳಿಗ್ಗೆ, ಒಲೆಯ ಮೇಲೆ ಏನೋ ಸಿಡಿಯುವ ಸದ್ದು. ನಡೆದದ್ದೆಲ್ಲ ಹೇಳಿದೆ. ಬಿಯರ್ ಅನ್ನುವುದನ್ನೂ ಬಚ್ಚಿಡಲಿಲ್ಲ.

"ಅಲ್ಲ ಕಣ್ ಮಗ, ಓದಿ ಓದಿ ಕೊನೇಗೆ ಹೆಂಡದ ಪಾತ್ರೆ ಮೂಸಾಕೋದ್ಯಾ?"

"ಮೂಸೋಕೇ ಓದಿದ್ದು ಕಣವ್ವ. ಈಗ ಕುಡಿದೂ ನೋಡ್ಬೇಕಂತೆ. ಬೇರೆಯವ್ರು ಕುಡಿಯೋದನ್ನ ಮೊದ್ಲು ನಾನು... ಎಂಜ್ಲಾಗಲ್ವಾ?"

ಸಿಡಿಯುವ ಸದ್ದು ನಿಂತಿತು. ಒಲೆ ಆರಿಸಿರಬೇಕು.

"ಅದ್ನ ಮಾಡ್ದೋಳು ನೀನಾ?"

"ಅಲ್ಲ. ಅವ್ರು."

"ನೀನು ಸರಿಗೈತೆ ಅಂದ್ರೆ ಅದು ಆಚ್ಗೋಯ್ತದೆ. ಇಲ್ಲ ಅಂದ್ರೆ ಇಲ್ಲ. ಹಂಗೆ ತಾನೆ?"

"ಹೂಂ."

"ಇನ್ನೇನು ಮತ್ತೆ? ವಾರ್ಡನ್ ಮೇಡಮ್ಮು ತಿಂದ್ರೆ ಯಾವತ್ತಾದ್ರೂ ಎಂಜ್ಲು ಅಂದಿದ್ನಾ ನಾನು?" ಎಂದು ನಕ್ಕಳು. ನಗು ನಿಲ್ಲಿಸಿ, "ಆದ್ರೆ ಒಂದ್ ಮಾತು. ಮಾಡ್ದೋರ್ನ ನಿಲ್ಸ್ಕಂಡು ಸತಾಯಿಸ್ಬೇಡ. ಇರಾದ್ನ ಬೇಗ ಹೇಳ್ಬುಡು" ಅಂದಳು.

ಶನಿವಾರ ಗಂಡ ತಾವೇ ಕಾರು ಓಡಿಸಿಕೊಂಡು ಬಂದು ಕಾರ್ಖಾನೆಯ ಹೊರಗೆ ಕೂತರು. ಒಳಗೆ ಗುರುವಾರದವರೇ, ಅದೇ ಯಂತ್ರ, ಅದೇ ಕೈಕಟ್ಟಿ ನಿಂತ ಜನ. ಈ ಸಲ ಅವರು ನನ್ನನ್ನು ಮಾತ್ರ ನೋಡುತ್ತಿದ್ದರು. ಆರನೆಯ ಟ್ಯಾಂಕಿನಿಂದ ಲೋಟ ಬಂತು. ಬಿಸಿನೀರಿನಲ್ಲಿಟ್ಟು ಆರಿಸಿದ್ದೂ ಬಂತು. ಮೂಸಿದೆ. ಎರಡರಲ್ಲೂ ಬೆಣ್ಣೆ ಇಲ್ಲ. ಬರೀ ಬಾರ್ಲಿ, ಹುಲ್ಲಿನ ಹಾಗೆ ಹಾಪ್ಸು. ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಎಲ್ಲರಿಗೂ ಖುಷಿ. ಯಂತ್ರ ಓಡುತ್ತಿತ್ತು, ನನ್ನ ಕೆಲಸವೂ ಗಟ್ಟಿಯಾಗುತ್ತಿತ್ತು.

ಆರಿಸಿದ ಲೋಟವನ್ನೇ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಕಹಿ. ಅಷ್ಟು ಕಹಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಮೂರು ವರ್ಷ ಅದನ್ನೇ ಮಾಡಿದವಳಿಗೆ. ನುಂಗಿದೆ. ಕಹಿ ಇಳಿದ ಮೇಲೆ ನಾಲಿಗೆಯ ನಡುವೆ ಒಂದು ಜಾರು ಉಳಿಯಿತು. ತುಪ್ಪ ಹಾಕಿ ಉಂಡು ಬಾಯಿ ಮುಕ್ಕಳಿಸದೆ ಕೂತಂತೆ. ಇನ್ನೊಂದು ಗುಟುಕು. ಅದೇ ಜಾರು.

ಬೇಗ ಹೇಳಿಬಿಟ್ಟೆ. "ವಾಸನೆ ಹೋಗಿದೆ. ಬಾಯಲ್ಲಿ ಇನ್ನೂ ಇದೆ. ಇನ್ನೊಂದು ದಿನ."

ಹೆಡ್ ಬ್ರೂವರ್ ತಾವೂ ಒಂದು ಗುಟುಕು ಕುಡಿದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒತ್ತಿ ನೋಡಿದರು. ಅವರಿಗೆ ಸಿಕ್ಕಿತೋ ಇಲ್ಲವೋ, ಹೇಳಲಿಲ್ಲ. ಯಂತ್ರದ ಕಡೆ ತಿರುಗಿ ಎರಡೂ ಕೈ ಅಡ್ಡ ಆಡಿಸಿದರು. ಯಾರೋ ಗೊಣಗಿದ್ದು ಕೇಳಿಸಿತು. ನನ್ನ ಬಗ್ಗೆಯೇ ಇರಬೇಕು.

ಮನೆಯ ಲಾಗರನ್ನು ಆ ವಾರವೇ ಸಿಂಕಿಗೆ ಸುರಿದೆ. ಗಂಡ ಆರು ಬಾಟಲಿ ಬಚ್ಚಿಟ್ಟುಕೊಂಡಿದ್ದಾರೆಂದು ಆಮೇಲೆ ತಿಳಿಯಿತು, ಈಗಲೂ ಸೂಪರ್ ಅನ್ನುತ್ತಾರೆ. ಕೆಲಸದ ಪತ್ರ ಮುಂದಿನ ವಾರ ಬಂತು. ಆದರೆ ಕೆಲಸ ಸಿಕ್ಕಿತು ಎಂದು ನನಗೆ ಗೊತ್ತಾದದ್ದು ಆ ಪತ್ರದಿಂದಲ್ಲ.

ಆ ಶನಿವಾರ ಹೆಡ್ ಬ್ರೂವರ್ ಟ್ಯಾಂಕಿಗೆ ನೇತುಹಾಕಿದ್ದ ದಪ್ಪ ಕಾಗದದ ಕಾರ್ಡನ್ನು ಬಿಚ್ಚಿ ತಂದು ನನ್ನ ಮುಂದಿಟ್ಟು, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ತಾರೀಕು, ಉಷ್ಣತೆ, ಫಲಿತಾಂಶ, ಕೊನೆಯಲ್ಲಿ ಸಹಿಯ ಮನೆ. ಮೇಲಿನ ಸಾಲುಗಳಲ್ಲೆಲ್ಲ ಆ ಹೆಂಗಸಿನ ಸಹಿ ಇತ್ತು. ಇನ್ನೊಂದು ದಿನ ಬಿಡಬೇಕು ಎಂದು ಬರೆದೆ. ಸಹಿ ಹಾಕಿದೆ. ಅದರ ಮುಂದೆ, ಯಾರೂ ಕೇಳಿರದಿದ್ದರೂ, ಎಂ.ಎಸ್ಸಿ. ಎಂದೂ ಸೇರಿಸಿದೆ.